ಬೇಲಿಯೇ ಎದ್ದು ತೋಟ ಮೇಯ್ದರೆ...

ಹೋದ ಬೇಸಿಗೆಯಲ್ಲಿ ಊರಿಗೆ ಹೋದರೆ ಅಪ್ಪನೂ ಪಕ್ಕದ ತೋಟದ ಅಜ್ಜನೂ ಮಾತು ಬಿಟ್ಟಿದ್ದರು. ಕಾರಣ ಲಂಟಾನ. ಅಜ್ಜನ ಬೇಲಿಯಿಂದ ನಮ್ಮ ಬ್ಯಾಣಕ್ಕೆ ನುಗ್ಗಿದ್ದ ಪೊದೆಯನ್ನು ಹುಲ್ಲಿಲ್ಲದ ಹೊತ್ತಲ್ಲಿ ನಮ್ಮ ಗೌರಿ ಮೇಯ್ದಿದ್ದಳು. ಕಣ್ಣು ಹಳದಿಯಾಗಿ ಮೂತಿಯ ಚರ್ಮ ಸುಲಿಯಿತು. 'ಲಿವರ್‌ಗೆ ಪೆಟ್ಟು ಬಿದ್ದಿದೆ, ಬಿಸಿಲಿಗೆ ಬಿಡಬೇಡಿ' ಅಂದರಂತೆ ಡಾಕ್ಟರು. ಹದಿನೈದು ದಿನ ಕತ್ತಲೆ ಕೊಟ್ಟಿಗೆಯಲ್ಲಿಟ್ಟು ಹೇಗೋ ಉಳಿಸಿಕೊಂಡಿದ್ದರು.

ಅಜ್ಜನನ್ನು ಕೇಳಿದೆ. 'ನಾನು ಹಾಕಿದ್ದಲ್ಲ ಮಾರಾಯ, ನಾನು ಹುಟ್ಟೋ ಮೊದ್ಲೇ ಇತ್ತು' ಅಂದರು.

ಹಾಗಾದ್ರೆ ಹಾಕಿದ್ದು ಯಾರು? ಬಗ್ ಸಿಕ್ಕರೆ ಅದು ಯಾವ ಬದಲಾವಣೆಯಿಂದ ಬಂತು ಅಂತ ಹಿಂದೆ ಹಿಂದೆ ಹೋಗೋದು ನಮ್ಮ ಕಸುಬು. ಹಾಗೇ ಹೋದೆ. ಸಿಕ್ಕಿದ್ದು ಇನ್ನೊಂದು ತೋಟ!

ಲಂಟಾನದ ತವರು ಅಮೆರಿಕದ ಉಷ್ಣವಲಯ. ಬಣ್ಣದ ಹೂವಿಗೆ ಮರುಳಾಗಿ ಯುರೋಪಿನವರು ತಮ್ಮ ತೋಟಗಳಿಗೆ ಒಯ್ದು ಹೊಸ ಹೊಸ ತಳಿ ಮಾಡಿದರು. 1807ರ ಸುಮಾರಿಗೆ ಅದು ಈಸ್ಟ್ ಇಂಡಿಯಾ ಕಂಪನಿಯ ಕಲ್ಕತ್ತಾ ಸಸ್ಯೋದ್ಯಾನಕ್ಕೆ ಅಲಂಕಾರದ ಗಿಡವಾಗಿ ಬಂತು. ದನ ಸಾಮಾನ್ಯವಾಗಿ ಮುಟ್ಟದ ಗಿಡ, ಹಾಗಾಗಿ ಬೇಲಿಗೂ ಬಂತು. ಹಣ್ಣು ತಿಂದ ಪಿಕಳಾರಗಳು ಬೀಜವನ್ನು ಬೇಲಿಯಾಚೆ ಹಾಕಿದವು. ಹತ್ತೊಂಬತ್ತನೇ ಶತಮಾನ ಮುಗಿಯುವಾಗ ಕೊಡಗಿನಲ್ಲಿ ಶ್ರೀಗಂಧಕ್ಕೆ ಸ್ಪೈಕ್ ರೋಗ ಬಂದಾಗ ಲಂಟಾನದ ಮೇಲೂ ಅನುಮಾನ ಬಿತ್ತು. ಆ ರೋಗಕ್ಕೆ ಕಾರಣ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಅಂತ ಗೊತ್ತಾಗಿದ್ದು ಬಹಳ ಆಮೇಲೆ. 1921ರಲ್ಲಿ ಬೀಜ ತಿನ್ನುವ ನೊಣವನ್ನೂ 1941ರಲ್ಲಿ ಎಲೆ ಹೀರುವ ತಿಗಣೆಯನ್ನೂ ಹೊರಗಿನಿಂದ ತರಿಸಿದರು. ಲಂಟಾನ ಕ್ಯಾರೇ ಅನ್ನಲಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಬಿಳಿಗಿರಿರಂಗನ ಬೆಟ್ಟದ ಕಥೆ. ಅಲ್ಲಿನ ಸೋಲಿಗರು ಬೇಸಿಗೆಯ ಶುರುವಿನಲ್ಲೇ 'ತರಗು ಬೆಂಕಿ' ಹಾಕುತ್ತಿದ್ದರು. ಒಣಗಿದೆಲೆ ಮಾತ್ರ ಸುಡುವ ಸಣ್ಣ ಬೆಂಕಿ. 1974ರಲ್ಲಿ ಕಾಡು ಅಭಯಾರಣ್ಯವಾದ ಮೇಲೆ ಅದು ನಿಂತಿತು. ಆ ಬೆಂಕಿ ನಿಂತಿದ್ದಕ್ಕೇ ಲಂಟಾನ ಹಬ್ಬಿತು ಅನ್ನುತ್ತಾರೆ ಸೋಲಿಗ ಹಿರಿಯರು. ಸಂಶೋಧಕರು 1997ರಲ್ಲಿ ಅಲ್ಲಿ ಗುರುತು ಹಾಕಿ ನೋಡಿದ ಜಾಗಗಳಲ್ಲಿ ನೂರಕ್ಕೆ 41ರಲ್ಲಿ ಲಂಟಾನವಿತ್ತು, 2008ರಲ್ಲಿ ನೂರಕ್ಕೆ 81ರಲ್ಲಿ! ಗಿಡ ತಂದವರು ಯಾರೋ, ಕಾಡು ಕಳೆದುಕೊಂಡವರು ಇನ್ಯಾರೋ. ನಮ್ಮಜ್ಜನೂ ಅಷ್ಟೇ, ತಾನು ನೆಡದ ಬೇಲಿಗೆ ಬೈಸಿಕೊಳ್ಳುತ್ತಿದ್ದರು.

ಮೇಲಿನಿಂದ ಸವರಿದರೆ ಲಂಟಾನ ಇನ್ನೂ ದಟ್ಟವಾಗಿ ಚಿಗುರುತ್ತದೆ. ಮಣ್ಣೊಳಗೆ ಎರಡು ಇಂಚು ಕೆಳಗೆ ತಾಯಿಬೇರು ಕಡಿದು, ಬುಡ ಮೇಲಾಗಿ ಮಗುಚಿಡಬೇಕು. ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ. ಆರ್. ಬಾಬು ಅವರ ತಂಡ ರೂಪಿಸಿದ ವಿಧಾನ ಇದು.

ಇಷ್ಟನ್ನೂ ಅಪ್ಪನಿಗೆ ಹೇಳಿದೆ. 'ಕಲ್ಕತ್ತಾದವ್ರ ಹತ್ರ ಜಗಳಕ್ಕೆ ಹೋಗಕ್ಕಾಗುತ್ತಾ?' ಅಂದರು. ಮಾರನೇ ದಿನ ಪಿಕಾಸಿ ಹಿಡಿದು ಬೇಲಿ ಹತ್ತಿರ ಹೋದೆ. ಸ್ವಲ್ಪ ಹೊತ್ತಿಗೆ ಆಚೆ ಕಡೆಯಿಂದ ಅಜ್ಜನೂ ಕತ್ತಿ ಹಿಡಿದು ಬಂದರು. ಆಮೇಲೆ ಅಪ್ಪನೂ ಬಂದರು, ಮಾತಿಲ್ಲದೆ. ಮಧ್ಯಾಹ್ನದ ಹೊತ್ತಿಗೆ 'ನೀರು ಕುಡೀತೀರಾ?' ಅಂತ ಅಪ್ಪ ಕೇಳಿದ್ದು ನನ್ನನ್ನಲ್ಲ.

ಅರ್ಧ ಬೇಲಿ ಮುಗಿದಿದೆ. ಮಣ್ಣಲ್ಲಿರೋ ಬೀಜ ಪ್ರತಿ ಮಳೆಗೂ ಹುಟ್ಟುತ್ತೆ, ಪ್ರತಿ ವರ್ಷವೂ ಕೀಳಬೇಕು. ನಿಮ್ಮೂರಲ್ಲಿ ಈ ಗಿಡಕ್ಕೆ ಏನಂತಾರೆ? ಬೇಲಿ ದಾಟಿದೆಯಾ?