ವೈದ್ಯರ ಪರವಾಗಿ ಬರೆಯುವವರು: ಮೆಡಿಕಲ್ ಸ್ಕ್ರೈಬ್ ಕೆಲಸ ಬೆಳೆದು ಬಂದ ಬಗೆ

ವೈದ್ಯರು ರೋಗಿಯನ್ನು ಪರೀಕ್ಷಿಸುತ್ತಿರುವಾಗಲೇ ಪಕ್ಕದಲ್ಲಿದ್ದು ಕಾಯಿಲೆಯ ವಿವರ, ತಪಾಸಣೆಯಲ್ಲಿ ಕಂಡದ್ದು, ಚಿಕಿತ್ಸೆಯ ತೀರ್ಮಾನ ಇವನ್ನು ದಾಖಲಿಸುವವರಿಗೆ ಮೆಡಿಕಲ್ ಸ್ಕ್ರೈಬ್ ಎಂದು ಹೆಸರು. ಈ ಕೆಲಸ ರೂಪುಗೊಂಡದ್ದು ಅಮೆರಿಕದಲ್ಲಿ. ರೋಗಿಯ ದಾಖಲೆ ಬೆಳೆಯುತ್ತ ಹೋದಂತೆ ಅದನ್ನು ಬರೆಯುವ ಹೊಣೆ ಕೈಯಿಂದ ಕೈಗೆ ಸಾಗಿದ್ದೇ ಇದರ ಇತಿಹಾಸ.

ಇಪ್ಪತ್ತನೆಯ ಶತಮಾನದ ಆರಂಭದವರೆಗೂ ಅಲ್ಲಿನ ಅನೇಕ ವೈದ್ಯರು ತಮ್ಮ ತಮ್ಮ ಪುಸ್ತಕಗಳಲ್ಲಿ ಚುಟುಕಾಗಿ ಬರೆದಿಟ್ಟುಕೊಳ್ಳುತ್ತಿದ್ದರು. 1907ರಲ್ಲಿ ಮೇಯೋ ಕ್ಲಿನಿಕ್‌ನ ಹೆನ್ರಿ ಪ್ಲಮರ್ ಪ್ರತಿ ರೋಗಿಗೂ ಒಂದು ಸಂಖ್ಯೆ, ಒಂದೇ ಕಡತ ಎಂಬ ಪದ್ಧತಿ ತಂದರು. 1968ರಲ್ಲಿ ಲಾರೆನ್ಸ್ ವೀಡ್, ರೋಗಿಯ ಒಂದೊಂದು ಸಮಸ್ಯೆಯನ್ನೂ ಕ್ರಮವಾಗಿ ದಾಖಲಿಸುವ ವಿಧಾನವನ್ನು ಪ್ರತಿಪಾದಿಸಿದರು. ರೋಗಿ ಹೇಳಿದ್ದು, ವೈದ್ಯರು ಕಂಡದ್ದು, ಅವರ ನಿರ್ಣಯ, ಮುಂದಿನ ಯೋಜನೆ ಎಂಬ ನಾಲ್ಕು ಭಾಗಗಳ ಟಿಪ್ಪಣಿ ರೂಢಿಗೆ ಬಂದದ್ದು ಇದರಿಂದಲೇ.

ಇಷ್ಟನ್ನೂ ಕೈಯಲ್ಲಿ ಬರೆಯಲು ಬಿಡುವಿಲ್ಲದ ವೈದ್ಯರು ಟೇಪಿನಲ್ಲಿ ಹೇಳಿಡುತ್ತಿದ್ದರು. ಟೈಪಿಸ್ಟರು ಅದನ್ನು ಕೇಳಿ ಅಕ್ಷರಕ್ಕಿಳಿಸುತ್ತಿದ್ದರು. 1990ರ ದಶಕದಲ್ಲಿ ಈ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಬೆಂಗಳೂರಿಗೂ ಬಂತು. ಅಮೆರಿಕದಲ್ಲಿ ರಾತ್ರಿಯಾದಾಗ ಇಲ್ಲಿ ಹಗಲು. ಹಾಗಾಗಿ ಅಲ್ಲಿ ಸಂಜೆ ಮುದ್ರಿಸಿದ ಧ್ವನಿ ಮರುದಿನ ಬೆಳಗಾಗುವಷ್ಟರಲ್ಲಿ ಟೈಪಾಗಿ ತಲುಪಲು ಸಾಧ್ಯವಾಯಿತು.

ಸ್ಕ್ರೈಬ್‌ಗಳು ಮೊದಲು ಕಾಣಿಸಿಕೊಂಡದ್ದು ತುರ್ತು ಚಿಕಿತ್ಸಾ ವಿಭಾಗಗಳಲ್ಲಿ. ಅಲ್ಲಿ ಒಬ್ಬ ವೈದ್ಯರು ಏಕಕಾಲಕ್ಕೆ ಹಲವರನ್ನು ನೋಡಬೇಕು. ಆಮೇಲೆ ಬರೆಯೋಣವೆಂದರೆ ವಿವರಗಳು ಕಲಸಿಹೋಗುತ್ತವೆ. ಇಂಥ ಏರ್ಪಾಡಿನ ವರದಿ 1974ರಷ್ಟು ಹಿಂದೆಯೇ ಪ್ರಕಟವಾಗಿತ್ತು.

ಕೆಲಸ ವ್ಯಾಪಕವಾದದ್ದು 2009ರ ಹೈಟೆಕ್ ಕಾಯ್ದೆಯ ನಂತರ. ಅದರಡಿ, ವಿದ್ಯುನ್ಮಾನ ದಾಖಲೆ ಅಳವಡಿಸಿಕೊಂಡ ಆಸ್ಪತ್ರೆ, ಕ್ಲಿನಿಕ್‌ಗಳಿಗೆ ಅಮೆರಿಕ ಸರ್ಕಾರ ಪ್ರೋತ್ಸಾಹಧನ ಕೊಟ್ಟಿತು. ಟೈಪಿಸ್ಟರ ಕೈಗೆ ಹೋಗಿದ್ದ ಬರವಣಿಗೆ ಕಂಪ್ಯೂಟರಿನ ಮೂಲಕ ಮತ್ತೆ ವೈದ್ಯರ ಮೈಮೇಲೆ ಬಿತ್ತು. ವೈದ್ಯರು ರೋಗಿಯೊಡನೆ ಕಳೆಯುವ ಪ್ರತಿ ಒಂದು ಗಂಟೆಗೆ ಸುಮಾರು ಎರಡು ಗಂಟೆ ಕಂಪ್ಯೂಟರ್ ಮತ್ತು ಮೇಜಿನ ಕೆಲಸಕ್ಕೆ ಹೋಗುತ್ತದೆಂದು 2016ರ ಅಧ್ಯಯನವೊಂದು ತೋರಿಸಿತು.

ಆಗ ತಜ್ಞರ ಕ್ಲಿನಿಕ್‌ಗಳಿಗೂ ಸ್ಕ್ರೈಬ್ ಬೇಕಾದರು. ನೇತ್ರತಜ್ಞರು ಮಬ್ಬುಬೆಳಕಿನ ಕೋಣೆಯಲ್ಲಿ ಸ್ಲಿಟ್ ಲ್ಯಾಂಪ್‌ಗೆ ಕಣ್ಣಿಟ್ಟಿರುವಾಗ ಅವರ ಎರಡೂ ಕೈ ಉಪಕರಣದ ಮೇಲಿರುತ್ತವೆ. ಎಡಗಣ್ಣು, ಬಲಗಣ್ಣುಗಳ ಕಾರ್ನಿಯಾ, ಮಸೂರಗಳ ಸ್ಥಿತಿಯನ್ನು ಅವರು ಹೇಳುತ್ತ ಹೋದಂತೆ ಸ್ಕ್ರೈಬ್ ಆಯಾ ಅಂಕಣದಲ್ಲಿ ತುಂಬುತ್ತಾರೆ. ಚರ್ಮರೋಗದ ಕ್ಲಿನಿಕ್‌ನಲ್ಲಾದರೆ ಪ್ರತಿ ಮಚ್ಚೆ ಎಲ್ಲಿದೆ, ಎಷ್ಟು ದೊಡ್ಡದು, ಯಾವ ಬಣ್ಣದ್ದು ಎಂಬುದನ್ನು ಗುರುತಿಸಬೇಕು. ಎಡ-ಬಲ ಅದಲುಬದಲಾದರೂ ಚಿಕಿತ್ಸೆಯೇ ತಪ್ಪಬಹುದು.

ಈ ಕೆಲಸಕ್ಕೆ ಬರುವವರಲ್ಲಿ ಬಹಳಷ್ಟು ಮಂದಿ ವೈದ್ಯಕೀಯ ಕಾಲೇಜು ಸೇರಲು ಸಿದ್ಧರಾಗುತ್ತಿರುವ ವಿದ್ಯಾರ್ಥಿಗಳು. ಸಂಬಳ ಕಡಿಮೆಯಾದರೂ ಪ್ರವೇಶದ ಅರ್ಜಿಯಲ್ಲಿ ಈ ಅನುಭವಕ್ಕೆ ಬೆಲೆಯಿದೆ. ಸೀಟು ಸಿಕ್ಕೊಡನೆ ಅವರು ಹೊರಡುವುದರಿಂದ ಕ್ಲಿನಿಕ್‌ಗಳು ಪದೇ ಪದೇ ಹೊಸಬರಿಗೆ ತರಬೇತಿ ಕೊಡಬೇಕಾಗುತ್ತದೆ. ಸ್ಕ್ರೈಬ್ ಸ್ವತಂತ್ರವಾಗಿ ಏನನ್ನೂ ತೀರ್ಮಾನಿಸುವಂತಿಲ್ಲ; ಬರೆದದ್ದನ್ನು ವೈದ್ಯರು ಓದಿ ಸಹಿ ಮಾಡಬೇಕು. ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ 2012ರಲ್ಲಿ ಈ ಬಗ್ಗೆ ಮಾರ್ಗಸೂಚಿ ನೀಡಿತು.

2010ರ ದಶಕದಲ್ಲಿ ಭಾರತ, ಬಾಂಗ್ಲಾದೇಶಗಳಲ್ಲಿ ಕುಳಿತು ಇಂಟರ್‌ನೆಟ್ ಮೂಲಕ ಅಮೆರಿಕದ ವೈದ್ಯರ ಮಾತು ಕೇಳಿ ಬರೆಯುವ ದೂರದ ಸ್ಕ್ರೈಬ್‌ಗಳೂ ಬಂದರು. 2020ರ ದಶಕದಲ್ಲಿ ಸಂಭಾಷಣೆಯನ್ನು ಆಲಿಸಿ ಟಿಪ್ಪಣಿಯ ಕರಡು ಸಿದ್ಧಪಡಿಸುವ ತಂತ್ರಾಂಶಗಳು ಈ ಜಾಗಕ್ಕೆ ಬರುತ್ತಿವೆ. ಕರಡು ಯಾರದೇ ಇರಲಿ, ದಾಖಲೆಗೆ ಉತ್ತರದಾಯಿಯಾಗುವವರು ಸಹಿ ಹಾಕಿದ ವೈದ್ಯರೇ.