ನೆತ್ತರುಗೊಡಗೆಯೂ ವಿಧವೆಯ ಸಾಕ್ಷ್ಯವೂ

ಯುದ್ಧದಲ್ಲಿ ಮಡಿದ ವೀರನ ಮನೆಯವರಿಗೆ ಅರಸನು ಭೂಮಿಯನ್ನು ಬಿಡುವ ಪದ್ಧತಿ ಕನ್ನಡ ನಾಡಿನಲ್ಲಿ ಬಹು ಪ್ರಾಚೀನವಾದುದು. ಶಾಸನಗಳಲ್ಲಿ ಇದಕ್ಕೆ ನೆತ್ತರುಗೊಡಗೆ ಎಂದು ಹೆಸರು. ಚೆಲ್ಲಿದ ನೆತ್ತರಿಗಾಗಿ ಕೊಟ್ಟ ಕೊಡಗೆ ಎಂದರ್ಥ. ಗಂಗರ ಕಾಲದ ಶಾಸನಗಳಲ್ಲಿ ಬರುವ ಬಾಳ್ಗಳ್ಚು ಎಂಬುದೂ ಇದೇ ಬಳಗದ್ದು. ವೀರನ ಬಾಳನ್ನು, ಎಂದರೆ ಕತ್ತಿಯನ್ನು, ತೊಳೆದು ಕೊಡುವ ದತ್ತಿ ಅದು. ಬೆಂಗಳೂರಿನ ಸಮೀಪದ ಬೇಗೂರಿನಲ್ಲಿ ದೊರೆತು ಬೆಂಗಳೂರಿನ ವಸ್ತುಸಂಗ್ರಹಾಲಯಕ್ಕೆ ಬಂದ ಪ್ರಸಿದ್ಧ ವೀರಗಲ್ಲನ್ನು ಇಲ್ಲಿ ನೆನೆಯಬಹುದು. ಗಂಗ ಎರೆಯಪ್ಪನ ಸಾಮಂತನಾದ ನಾಗತ್ತರನು ವೀರಮಹೇಂದ್ರನ ಸೈನ್ಯದೊಡನೆ ತುಂಬೆಪಾಡಿಯಲ್ಲಿ ಕಾದಿ, ಆನೆಗಳ ನಡುವೆ ನುಗ್ಗಿ ಮಡಿದನು. ಆ ಸುದ್ದಿಯನ್ನು ಕೇಳಿ ಎರೆಯಪ್ಪನು ಇರುಗನೆಂಬವನಿಗೆ ನಾಗತ್ತರನ ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಬಿಟ್ಟನು. ಇದು ನಡೆದು ಸಾವಿರದ ನೂರು ವರ್ಷಗಳ ಮೇಲಾಯಿತು.

ಯಾವ ಕಾಲದ್ದೇ ಆಗಲಿ, ಯಾವ ರಾಜ್ಯದ್ದೇ ಆಗಲಿ, ಮಡಿದ ಯೋಧನ ಹೆಸರಿನಲ್ಲಿ ಸಲ್ಲುವ ಪಿಂಚಣಿ ಮೂರು ಪ್ರಶ್ನೆಗಳಿಗೆ ಉತ್ತರ ಕೊಡಬೇಕಾಗುತ್ತದೆ. ಕೊಡುವವರು ಯಾರು? ಕೊಡುವುದು ಎಷ್ಟು? ಪಡೆಯುವವರ ಹಕ್ಕು ಸಿದ್ಧವಾಗುವುದು ಯಾವ ಸಾಕ್ಷ್ಯದಿಂದ? ಮೊದಲಿನ ಎರಡಕ್ಕೆ ನಮ್ಮ ಕಲ್ಲುಗಳು ಸ್ಪಷ್ಟವಾಗಿ ಉತ್ತರಿಸುತ್ತವೆ. ಮೂರನೆಯದರ ಗೊಡವೆಗೆ ಅವು ಹೋಗುವುದೇ ಇಲ್ಲ. ಹೋಗುವ ಅಗತ್ಯವೂ ಇರಲಿಲ್ಲ. ಸತ್ತವನು ಯಾರು, ಅವನ ಮನೆ ಯಾವುದು, ಮಕ್ಕಳಾರು ಎಂಬುದು ಊರಿಗೆ ಊರೇ ಬಲ್ಲ ಸಂಗತಿ. ಆದರೂ ಒಂದು ಅಂಶ ಮನಸ್ಸನ್ನು ಕೊರೆಯದೆ ಇರದು. ವೀರನ ಮಡದಿ ಕಲ್ಲಿನ ಮೇಲೆ ಎದ್ದು ಕಾಣುವುದು ಬಹುಮಟ್ಟಿಗೆ ಆಕೆ ಚಿತೆಯನ್ನೇರಿದಾಗ. ಬಳೆ ತೊಟ್ಟು ಮೇಲೆತ್ತಿದ ತೋಳು, ಕೈಯಲ್ಲೊಂದು ನಿಂಬೆಹಣ್ಣು, ಮೇಲೆ ಸೂರ್ಯಚಂದ್ರರು: ಇದು ಮಾಸ್ತಿಕಲ್ಲಿನ ಲಕ್ಷಣ. ಸಾಯದೆ ಉಳಿದು, ಮಕ್ಕಳನ್ನು ಸಾಕಿ, ಕೊಡಗೆಯ ಗದ್ದೆಯಲ್ಲಿ ಬೆವರು ಸುರಿಸಿದವಳ ಹೆಸರನ್ನು ಕೆತ್ತುವ ಉಳಿ ಅಪರೂಪ. ಬೊರಿವಲಿಯ ಹತ್ತಿರ ಏಕಸರದಲ್ಲಿರುವ ವೀರಗಲ್ಲುಗಳಲ್ಲಿ ಹಡಗುಗಳ ಸಾಲನ್ನೂ ಹುಟ್ಟುಗಳನ್ನೂ ಎಷ್ಟು ವಿವರವಾಗಿ ಕೆತ್ತಿದ್ದಾರೆಂಬುದನ್ನು ಮುಂಬಯಿಯ ಕನ್ನಡಿಗರು ಹೋಗಿ ನೋಡಬಹುದು; ಆ ಹಡಗಿನವರ ಹೆಂಡಿರು ಮುಂದೆ ಹೇಗೆ ಬದುಕಿದರೆಂಬುದು ಕಲ್ಲಿನ ವಿಷಯವಲ್ಲ.

ಮೂರನೆಯ ಪ್ರಶ್ನೆ ತೀರ ಕಠಿನವಾಗುವುದು ಮಡಿದವನು ದಾಸನಾಗಿದ್ದಾಗ. ದಾಸನಿಗೆ ಮನೆಯುಂಟೆ? ಧರ್ಮಪತ್ನಿಯೆಂಬವಳುಂಟೆ?

ದಖ್ಖಣದ ಸುಲ್ತಾನರ ಸೈನ್ಯಗಳಲ್ಲಿ ಆಫ್ರಿಕದಿಂದ ದಾಸರಾಗಿ ಬಂದ ಹಬಶಿಗಳು ಬಹುಸಂಖ್ಯೆಯಲ್ಲಿದ್ದರು. ವಿಜಾಪುರದಲ್ಲಿ ದಿಲಾವರ ಖಾನ, ಇಖ್ಲಾಸ ಖಾನ ಮೊದಲಾದವರು ರಾಜ್ಯದ ಸೂತ್ರವನ್ನೇ ಹಿಡಿದರು. ಇವರಲ್ಲೆಲ್ಲ ಹೆಸರಾದವನು ಮಲಿಕ್ ಅಂಬರ. ಇಥಿಯೋಪಿಯದಲ್ಲಿ ಹುಟ್ಟಿ, ಮಾರಾಟಗೊಂಡು, ಬಾಗ್ದಾದಿನ ಮಾರ್ಗವಾಗಿ ಅಹಮದನಗರದ ಪೇಶ್ವೆ ಚಂಗೀಜ ಖಾನನ ಮನೆಗೆ ಬಂದವನಿವನು. ಒಡೆಯ ಸತ್ತಾಗ ಅವನಿಗೆ ಬಿಡುಗಡೆ ಕೊಟ್ಟವಳು ಆ ಒಡೆಯನ ವಿಧವೆಯೆಂದು ಇತಿಹಾಸಕಾರರು ಹೇಳುತ್ತಾರೆ. ಅನಂತರ ಅಂಬರನು ಮದುವೆಯಾದನು, ಕೆಲಕಾಲ ವಿಜಾಪುರದ ಸೇವೆಯಲ್ಲಿದ್ದು ಮಲಿಕ್ ಎಂಬ ಬಿರುದನ್ನು ಪಡೆದನು, 1626ರಲ್ಲಿ ತೀರಿಕೊಂಡನು. ಖುಲ್ದಾಬಾದಿನಲ್ಲಿ ಅವನ ಗೋರಿಗೆ ಅನತಿ ದೂರದಲ್ಲಿಯೇ ಅವನ ಪತ್ನಿ ಬೀಬಿ ಕರೀಮಾಳ ಗೋರಿಯಿದೆ. ಗಮನಿಸತಕ್ಕ ಅಂಶವಿದು: ಇಸ್ಲಾಮೀ ಧರ್ಮಶಾಸ್ತ್ರದಲ್ಲಿ ದಾಸನು ಒಡೆಯನ ಒಪ್ಪಿಗೆಯಿಂದ ವಿವಾಹವಾಗಬಹುದಾಗಿತ್ತು, ಆ ವಿವಾಹಕ್ಕೆ ಶಾಸ್ತ್ರದ ಮನ್ನಣೆಯಿತ್ತು. ದಾಸ್ಯದ ಕ್ರೌರ್ಯ ಇದರಿಂದ ಇಲ್ಲವಾಗಲಿಲ್ಲ. ಜಂಜಿರಾದ ಸಿದ್ದಿಗಳು ಕೋಟೆಯಾಳಿದರೆ, ಅದೇ ಆಫ್ರಿಕದ ಮೂಲದ ಯಲ್ಲಾಪುರ, ಹಳಿಯಾಳಗಳ ಸಿದ್ದಿಗಳು ಕಾಡಂಚಿನಲ್ಲಿ ಕೂಲಿ ಮಾಡಿ ಬದುಕಿದರು. ಕರ್ನಾಟಕದಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಸ್ಥಾನ ದೊರೆತುದು 2003ರಲ್ಲಿ. ಆದರೂ ದಾಸನ ಹೆಂಡತಿಯನ್ನು ಹೆಂಡತಿಯೆಂದು ಕರೆಯಲು ಇಲ್ಲಿನ ಶಾಸ್ತ್ರ ಹಿಂಜರಿಯಲಿಲ್ಲ.

ಹಿಂಜರಿದುದು ಅಮೆರಿಕ. ಅಲ್ಲಿಯ ದಕ್ಷಿಣ ಸಂಸ್ಥಾನಗಳ ಕಾನೂನಿನಂತೆ ದಾಸನು ಒಡೆಯನ ಸೊತ್ತು. ಸೊತ್ತಿಗೆ ಕರಾರು ಮಾಡುವ ಅಧಿಕಾರವಿಲ್ಲ. ವಿವಾಹವೂ ಒಂದು ಕರಾರಾದುದರಿಂದ ದಾಸರ ವಿವಾಹ ಕಾನೂನಿನ ಕಣ್ಣಿಗೆ ಶೂನ್ಯ. 1861ರಿಂದ 1865ರ ವರೆಗೆ ನಡೆದ ಅಂತರ್ಯುದ್ಧದಲ್ಲಿ ಉತ್ತರದ ಸೈನ್ಯವನ್ನು ಸೇರಿದ ಕಪ್ಪು ಜನರ ಸಂಖ್ಯೆ ಸುಮಾರು 1,79,000. ಇವರಲ್ಲಿ ಹೆಚ್ಚಿನವರು ದಾಸ್ಯದಿಂದ ನೇರವಾಗಿ ದಂಡಿಗೆ ಬಂದವರು. ಸುಮಾರು 40,000 ಮಂದಿ ಸತ್ತರು. ಗುಂಡಿಗಿಂತ ರೋಗಕ್ಕೆ ತುತ್ತಾದವರೇ ಬಹಳ. 1862ರ ಜುಲೈ 14ರ ಕಾನೂನಿನಂತೆ ಮಡಿದ ಸಾಮಾನ್ಯ ಸಿಪಾಯಿಯ ವಿಧವೆಗೆ ತಿಂಗಳಿಗೆ 8 ಡಾಲರು ಸಲ್ಲಬೇಕು. ಆದರೆ ಮದುವೆಯೇ ಇಲ್ಲದವಳು ವಿಧವೆಯಾಗುವುದೆಂತು?

ಈ ತೊಡಕನ್ನು ರಾಷ್ಟ್ರಾಧ್ಯಕ್ಷನ ಮುಂದಿಟ್ಟವಳು ಒಬ್ಬ ಬಿಳಿಯ ವಿಧವೆಯೆಂಬುದು ವಿಶೇಷ. 1864ರ ಏಪ್ರಿಲ್ 12ರಂದು ಟೆನೆಸೀ ಸಂಸ್ಥಾನದ ಫೋರ್ಟ್ ಪಿಲೋ ಕೋಟೆ ದಕ್ಷಿಣದವರ ವಶವಾದಾಗ, ಶರಣಾಗಲು ಬಂದ ಕಪ್ಪು ಸೈನಿಕರನ್ನೂ ಕೊಂದುಹಾಕಿದರು. ಕೋಟೆಯ ದಳಪತಿ ಮೇಜರ್ ಬೂತ್ ಅಂದೇ ಮಡಿದನು. ಆತನ ಪತ್ನಿ ಮೇರಿ ಬೂತ್ ಲಿಂಕನ್ನನನ್ನು ಕಂಡಳು. ಮೇ 19ರಂದು ಲಿಂಕನ್ ಸೆನೇಟಿನ ಚಾರ್ಲ್ಸ್ ಸಮ್ನರನಿಗೆ ಪತ್ರ ಬರೆದು, ಆಕೆಯ ಮಾತನ್ನು ಕೇಳಬೇಕೆಂದೂ, ಮಡಿದ ಕಪ್ಪು ಸೈನಿಕರ ಹೆಂಡಿರು ಮಕ್ಕಳನ್ನು ಅವರ ಮದುವೆಗಳು ಕಾನೂನುಬದ್ಧವಾಗಿದ್ದವೆಂಬಂತೆಯೇ ಕಾಣಬೇಕೆಂಬುದು ಆಕೆಯ ಅಭಿಪ್ರಾಯವೆಂದೂ ತಿಳಿಸಿದನು.

ಜುಲೈ 4ರಂದು ಕಾನೂನು ಬಂದಿತು. ಸೈನ್ಯಕ್ಕೆ ಸೇರುವ ಮೊದಲು ಕಡಮೆಯೆಂದರೆ ಎರಡು ವರ್ಷ ಗಂಡಹೆಂಡಿರೆಂದು ಒಟ್ಟಿಗೆ ಬಾಳಿದುದನ್ನು ನಂಬತಕ್ಕ ಸಾಕ್ಷಿಗಳ ಪ್ರಮಾಣದಿಂದ ತೋರಿಸಿದರೆ ಸಾಕು, ಬೇರೆ ಪುರಾವೆ ಬೇಡ ಎಂದು ಅದರ ಸಾರ. ಮೇಲುನೋಟಕ್ಕೆ ಉದಾರವಾದ ಕಾನೂನು. ಆದರೆ ಅದರ ಬಾಲದಲ್ಲಿ ಒಂದು ಮುಳ್ಳಿತ್ತು: ಅರ್ಜಿ ಹಾಕುವ ವಿಧವೆಯೂ ಮಕ್ಕಳೂ ಸ್ವತಂತ್ರರಾಗಿರಬೇಕು! ಕೆಂಟಕಿ ಸಂಸ್ಥಾನ ಉತ್ತರದ ಪಕ್ಷದಲ್ಲಿಯೇ ಇದ್ದುದರಿಂದ ಲಿಂಕನ್ನನ ವಿಮೋಚನ ಘೋಷಣೆ ಅಲ್ಲಿಗೆ ಅನ್ವಯಿಸುತ್ತಿರಲಿಲ್ಲ. ಅಲ್ಲಿಂದ 23,000ಕ್ಕೂ ಹೆಚ್ಚು ಕಪ್ಪು ಸೈನಿಕರು ದಂಡು ಸೇರಿ ಸ್ವತಂತ್ರರಾದರು. ಅವರ ಹೆಂಡಿರು ಒಡೆಯರ ಹಟ್ಟಿಗಳಲ್ಲಿ ದಾಸಿಯರಾಗಿಯೇ ಉಳಿದರು. ಗಂಡಂದಿರನ್ನು ಹಿಂಬಾಲಿಸಿ ಕ್ಯಾಂಪ್ ನೆಲ್ಸನ್ ಎಂಬ ಶಿಬಿರಕ್ಕೆ ಬಂದ ಸುಮಾರು 400 ಹೆಂಗಸರು ಮಕ್ಕಳನ್ನು 1864ರ ನವೆಂಬರಿನ ಕೊರೆಯುವ ಚಳಿಯಲ್ಲಿ ಹೊರದೂಡಿ ಅವರ ಗುಡಿಸಲುಗಳನ್ನು ಕೆಡವಲಾಯಿತು. ಸುಮಾರು 100 ಮಂದಿ ಸತ್ತರು. ಈ ಸುದ್ದಿ ಎಬ್ಬಿಸಿದ ಕೋಲಾಹಲವೇ 1865ರ ಮಾರ್ಚ್ 3ರ ನಿರ್ಣಯಕ್ಕೆ ದಾರಿ ಮಾಡಿತು. ಅದು ಕಪ್ಪು ಸೈನಿಕರ ಹೆಂಡತಿ ಮಕ್ಕಳೆಲ್ಲರನ್ನು ದಾಸ್ಯದಿಂದ ಬಿಡಿಸಿತು. 1866ರಲ್ಲಿ ಎರಡು ವರ್ಷದ ನಿಯಮವೂ ಹೋಯಿತು. 1873ರ ಕಾನೂನು, ದಂಪತಿಗಳು ತಾವು ಕಟ್ಟುಬಿದ್ದೆವೆಂದು ತಿಳಿದ ಯಾವುದೇ ವಿಧಿಯನ್ನು ವಿವಾಹವೆಂದು ಒಪ್ಪಿತು. ಈ ಕೊನೆಯ ಮಾತು ನ್ಯಾಯಶಾಸ್ತ್ರದಲ್ಲಿ ಒಂದು ದೊಡ್ಡ ಹೆಜ್ಜೆಯೆಂದೇ ಹೇಳಬೇಕು; ವಿವಾಹದ ಪ್ರಾಮಾಣ್ಯವನ್ನು ರಾಜ್ಯದಿಂದ ಕಿತ್ತು ಅದನ್ನು ಬಾಳಿದವರ ಮನಸ್ಸಿಗೆ ಕೊಟ್ಟಿತು.

ಕಾನೂನು ಸಡಿಲವಾದರೂ ಕಚೇರಿ ಸಡಿಲವಾಗಲಿಲ್ಲ. ಬಿಳಿಯ ವಿಧವೆ ಚರ್ಚಿನ ಇಲ್ಲವೆ ಕೌಂಟಿ ಕಚೇರಿಯ ಒಂದು ಹಾಳೆಯನ್ನು ತಂದಿಟ್ಟರೆ ಮದುವೆ ರುಜುವಾತಾಯಿತು. ದಾಸ್ಯದಿಂದ ಬಂದವಳು ತನ್ನ ಇಡೀ ಬಾಳನ್ನು ಸಾಕ್ಷಿಗಳ ಬಾಯಿಂದ ಹೇಳಿಸಬೇಕಾಗಿತ್ತು. ಮದುವೆಯ ದಿನ ಯಾವುದು? ಹತ್ತಿ ಬಿಡಿಸುವ ಕಾಲ, ಇಲ್ಲವೆ ಹಿರಿಯ ಒಡತಿ ಸತ್ತ ವರ್ಷ. ಮಗುವಿನ ವಯಸ್ಸು? ಹೆರಿಗೆ ಮಾಡಿಸಿದ ಸೂಲಗಿತ್ತಿಯನ್ನು ಕರೆಯಬೇಕು. ಗಂಡನೊಂದು ಹೊಲಮನೆ, ಹೆಂಡತಿಯೊಂದು ಹೊಲಮನೆಯಾಗಿ, ಅವನು ಒಡೆಯನ ರಹದಾರಿ ಹಿಡಿದು ಶನಿವಾರ ರಾತ್ರಿ ಬಂದುಹೋಗುತ್ತಿದ್ದ ದಾಂಪತ್ಯಗಳು ಎಷ್ಟೋ. ಇವರು ಒಟ್ಟಿಗೆ ಬಾಳಿದರೆನ್ನಬೇಕೆ, ಇಲ್ಲವೆ? ಮೊದಲ ಗಂಡನನ್ನು ದೂರಕ್ಕೆ ಮಾರಿದ ಮೇಲೆ ಎರಡನೆಯವನನ್ನು ಕೂಡಿದವಳಿಗೆ, ಮೊದಲಿನವನು ಬದುಕಿದ್ದಾನೆಯೆ ಎಂದು ಕೇಳುವರು. ಮಾರಿದವನು ಒಡೆಯ; ಉತ್ತರ ಹೇಳಬೇಕಾದವಳು ಇವಳು.

ಹೆಸರಿನ ಗೋಜಲು ಇನ್ನೂ ವಿಚಿತ್ರ. ದಾಸನಾಗಿದ್ದಾಗ ಒಡೆಯನ ಮನೆತನದ ಹೆಸರು, ದಂಡಿನ ಗುಮಾಸ್ತನು ಕಿವಿಗೆ ಬಿದ್ದಂತೆ ಬರೆದುಕೊಂಡ ಹೆಸರು, ಯುದ್ಧದ ತರುವಾಯ ತಂದೆಯದೆಂದು ತಾನೇ ತೆಗೆದುಕೊಂಡ ಹೆಸರು, ಹೀಗೆ ಒಬ್ಬನಿಗೆ ಮೂರು. ಸೈನ್ಯದ ಪಟ್ಟಿಯಲ್ಲಿರುವವನೂ ಈಕೆಯ ಗಂಡನೂ ಒಬ್ಬನೇ ಎಂದು ಸಾಧಿಸುವುದರಲ್ಲಿಯೇ ವರ್ಷಗಳು ಕಳೆಯುತ್ತಿದ್ದವು. ಪಿಂಚಣಿ ಇಲಾಖೆಯ ವಿಶೇಷ ತನಿಖಾಧಿಕಾರಿ ಊರಿಗೆ ಬಂದು ನೆರೆಹೊರೆಯವರ ಕೈಫಿಯತ್ತುಗಳನ್ನು ಬರೆದುಕೊಳ್ಳುವನು. ಓದು ಬಾರದವರು ಕೆಳಗೆ ಗೀಟು ಹಾಕುವರು. ಹಳೆಯ ಒಡೆಯನ ಲೆಕ್ಕದ ಪುಸ್ತಕದಲ್ಲಿ ದಾಸಶಿಶುಗಳ ಜನನ ದಾಖಲಾಗಿದ್ದರೆ ಅದಕ್ಕೆ ಎಲ್ಲಕ್ಕಿಂತ ಹೆಚ್ಚಿನ ಬೆಲೆ. ನಿನ್ನೆ ಈಕೆಯನ್ನು ಸೊತ್ತೆಂದು ಬರೆದುಕೊಂಡಿದ್ದ ಪುಸ್ತಕವೇ ಇಂದು ಈಕೆಯ ತಾಯ್ತನಕ್ಕೆ ಸಾಕ್ಷಿ! ಇದರ ನಡುವೆ ಅರ್ಜಿ ಬರೆಯುವ ಏಜಂಟರು, ಅವರ ಶುಲ್ಕ, ಅದಕ್ಕೆ ಮೇಲ್ಪಟ್ಟ ಮೋಸ.

1882ರಲ್ಲಿ ಮತ್ತೊಂದು ಕಟ್ಟು ಬಿದ್ದಿತು. ವಿಧವೆ ಪರಪುರುಷನೊಡನೆ ಬಹಿರಂಗವಾಗಿ ಬಾಳಿದರೆ ಆಕೆಯ ಪಿಂಚಣಿ ರದ್ದು. ಕಾನೂನು ಎಲ್ಲ ವಿಧವೆಯರಿಗೂ ಒಂದೇ. ಆದರೆ ಕಪ್ಪು ಹೆಂಗಸಿನ ಗುಡಿಸಲೊಳಗೆ ಇಣಿಕಿದಷ್ಟು ಸಲೀಸಾಗಿ ತನಿಖಾಧಿಕಾರಿಯು ಬಿಳಿಯ ಹೆಂಗಸಿನ ಪಡಸಾಲೆಯೊಳಗೆ ಇಣಿಕುತ್ತಿರಲಿಲ್ಲ. ಮನೆಯಲ್ಲಿ ಒಬ್ಬ ಬಾಡಿಗೆಯವನಿದ್ದರೂ ಸಂಶಯ. 8 ಡಾಲರಿಗಾಗಿ ಸರಕಾರವು ಸತ್ತವನ ಸ್ಥಾನದಲ್ಲಿ ತಾನೇ ಗಂಡನಾಗಿ ಕುಳಿತಂತಾಯಿತು. 1890ರ ಕಾನೂನು ಪಿಂಚಣಿಯ ಬಾಗಿಲನ್ನು ಅಗಲವಾಗಿ ತೆರೆಯಿತು; ತೊಂಬತ್ತು ದಿನ ಸೇವೆ ಸಲ್ಲಿಸಿದವನ ಬಡ ವಿಧವೆಗೆ, ಅವನ ಸಾವಿಗೆ ಯುದ್ಧ ಕಾರಣವಲ್ಲದಿದ್ದರೂ, ಹಣ ಸಿಗುವಂತಾಯಿತು. ಆ ದಶಕದ ಮೊದಲಲ್ಲಿ ಅಮೆರಿಕದ ಕೇಂದ್ರ ಸರಕಾರದ ಆದಾಯದಲ್ಲಿ ಐದಕ್ಕೆ ಎರಡು ಪಾಲಿನಷ್ಟು ಪಿಂಚಣಿಗೇ ಹೋಗುತ್ತಿತ್ತು. ಹಾಗಿದ್ದರೂ, ಇತಿಹಾಸಕಾರ ಡೊನಾಲ್ಡ್ ಶಾಫರ್ ಮಾದರಿ ಕಡತಗಳನ್ನು ತೆಗೆದು ಎಣಿಸಿದಾಗ, ಅರ್ಜಿ ಹಾಕಿದ ಬಿಳಿಯ ವಿಧವೆಯರಲ್ಲಿ ನೂರಕ್ಕೆ 84 ಮಂದಿಗೂ ಕಪ್ಪು ವಿಧವೆಯರಲ್ಲಿ 61 ಮಂದಿಗೂ ಪಿಂಚಣಿ ದೊರೆತುದು ಕಂಡುಬಂದಿತು. ಕಾನೂನಿನಲ್ಲಿ ಬಣ್ಣದ ಮಾತಿರಲಿಲ್ಲ, ಅಂತರವೆಲ್ಲ ಸಾಕ್ಷ್ಯದಲ್ಲಿತ್ತು.

ಹೀಗೆ ಬೆಳೆದ ಕಡತಗಳೆಲ್ಲ ವಾಷಿಂಗ್‌ಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಓದುಬರಹವನ್ನು ನಿಷೇಧಿಸಲಾಗಿದ್ದ ಒಂದು ಜನ ತಮ್ಮ ಮದುವೆ, ಹೆರಿಗೆ, ಮಾರಾಟ, ಅಗಲಿಕೆಗಳನ್ನು ತಮ್ಮ ಮಾತಿನಲ್ಲಿಯೇ ಹೇಳಿದುದು ಇಷ್ಟು ವಿಪುಲವಾಗಿ ಬೇರೆಲ್ಲಿಯೂ ದೊರೆಯದು. ಅಧಿಕಾರಿಯ ಸಂಶಯ ಹೆಚ್ಚಿದಷ್ಟೂ ಕಡತ ದಪ್ಪವಾಗಿದೆ. ನೆತ್ತರುಗೊಡಗೆಯ ನಮ್ಮ ಕಲ್ಲುಗಳಲ್ಲಿ ಇಂಥ ಸಂಶಯವಿಲ್ಲ. ಆದುದರಿಂದಲೇ ಆ ಕಲ್ಲುಗಳಿಂದ ವೀರನ ಮಡದಿಯ ಮಾತು ಒಂದಾದರೂ ಕೇಳಿಸುವುದಿಲ್ಲ. ಸಂಶೋಧಕನಿಗೆ ಇದು ಸಂಕಟದ ಲಾಭ.

ಈ ಕಡತಗಳಲ್ಲಿ ಒಂದು ಹ್ಯಾರಿಯೆಟ್ ಟಬ್‌ಮನ್‌ಳದು. ಮೇರಿಲೆಂಡಿನಲ್ಲಿ ದಾಸಿಯಾಗಿ ಹುಟ್ಟಿ, ತಪ್ಪಿಸಿಕೊಂಡು, ಮತ್ತೆ ಮತ್ತೆ ಹಿಂದಿರುಗಿ ಹಲವರನ್ನು ಬಿಡಿಸಿ ತಂದವಳಾಕೆ. ಯುದ್ಧದಲ್ಲಿ ದಾದಿಯಾಗಿ, ಗೂಢಚಾರಿಣಿಯಾಗಿ ದುಡಿದಳು. 1863ರ ಜೂನ್ 2ರಂದು ದಕ್ಷಿಣ ಕೆರೊಲೈನದ ಕಾಂಬಹೀ ನದಿಯ ದಾಳಿಗೆ ದಾರಿ ತೋರಿ 700ಕ್ಕೂ ಹೆಚ್ಚು ದಾಸರ ಬಿಡುಗಡೆಗೆ ಕಾರಣಳಾದಳು. ಈ ಸೇವೆಗೆ ಪಿಂಚಣಿ ಬೇಡಿದಾಗ ಸಿಕ್ಕಿದುದು ಮೌನ. 1869ರಲ್ಲಿ ಆಕೆ ನೆಲ್ಸನ್ ಡೇವಿಸ್ ಎಂಬ ಮಾಜಿ ಸೈನಿಕನನ್ನು ಮದುವೆಯಾದಳು. 1888ರಲ್ಲಿ ಅವನು ತೀರಿಕೊಂಡನು. 1890ರ ಕಾನೂನಿನಂತೆ ಆಕೆ ಅವನ ವಿಧವೆಯಾಗಿ ಅರ್ಜಿ ಹಾಕಿದಳು. ಮತ್ತೆ ಅದೇ ಗೋಜಲು: ದಂಡಿನ ಪಟ್ಟಿಯಲ್ಲಿ ಅವನು ನೆಲ್ಸನ್ ಚಾರ್ಲ್ಸ್. ಇಬ್ಬರೂ ಒಬ್ಬನೇ ಎಂದೂ, ತನ್ನ ಮೊದಲ ಗಂಡ ಜಾನ್ ಟಬ್‌ಮನ್ ಸತ್ತಿರುವನೆಂದೂ ದೇಶವೇ ಬಲ್ಲ ಆ ಮುದುಕಿ ನೆರೆಯವರಿಂದ ಪ್ರಮಾಣ ಮಾಡಿಸಿ ತೋರಿಸಬೇಕಾಯಿತು. 1895ರಲ್ಲಿ ತಿಂಗಳಿಗೆ 8 ಡಾಲರು ಮಂಜೂರಾಯಿತು. ದಂಡನ್ನು ನಡೆಸಿದವಳಿಗೆ ದೊರೆತುದು ಸಿಪಾಯಿಯ ಹೆಂಡತಿಯ ಪಾಲು.

ಆಕೆಯ ಸ್ವಂತ ಸೇವೆಗಾಗಿ ಪಿಂಚಣಿಯನ್ನು 25 ಡಾಲರಿಗೆ ಏರಿಸಬೇಕೆಂದು ಕಾಂಗ್ರೆಸಿನಲ್ಲಿ ಮಸೂದೆ ಬಂದಿತು. ಚರ್ಚೆಯಾಗಿ, ದಾದಿಯ ಲೆಕ್ಕಕ್ಕೆ 12 ಸೇರಿಸಿ, 1899ರಲ್ಲಿ 20 ಡಾಲರೆಂದು ಗೊತ್ತುಮಾಡಿದರು. ಗೂಢಚಾರಿಕೆಗೂ ದಾಳಿಗೂ ಏನೂ ಇಲ್ಲ. 1913ರ ಮಾರ್ಚ್ 10ರಂದು ಆಕೆ ನ್ಯೂಯಾರ್ಕ್ ಸಂಸ್ಥಾನದ ಆಬರ್ನ್ ಊರಿನಲ್ಲಿ ಸಾಯುವ ವರೆಗೂ ಅಷ್ಟೇ ಬಂದಿತು. ಬಾರದೆ ಉಳಿದ ಹಣದ ಲೆಕ್ಕವನ್ನು ಅಮೆರಿಕದ ಕಾಂಗ್ರೆಸು 2003ರಲ್ಲಿ ತೀರಿಸಿತು: 11,750 ಡಾಲರು, ಆಬರ್ನಿನಲ್ಲಿರುವ ಆಕೆಯ ಮನೆಯ ರಕ್ಷಣೆಗೆ.