ತೂಕ ಇಳಿಸೋಕೆ ಊರೂ ಸಹಾಯ ಮಾಡಬೇಕು: ಮೈಸೂರಲ್ಲಿ ಏನಿದೆ, ಏನು ಕೇಳಬಹುದು?

ಮೈಸೂರು: ತೂಕ ಜಾಸ್ತಿ ಆಯ್ತು ಅಂತ ಡಾಕ್ಟರ್ ಹತ್ರ ಹೋದ್ರೆ ಮೊದಲು ಸಿಗೋ ಸಲಹೆ ‘ವಾಕಿಂಗ್ ಮಾಡಿ’. ಎಲ್ಲಿ ಮಾಡೋದು ಅಂತ ಮಾತ್ರ ಚೀಟಿಯಲ್ಲಿ ಬರೆದುಕೊಡಲ್ಲ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ 2015-16ರಲ್ಲಿ ರಾಜ್ಯದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 23.3ರಷ್ಟು ಮಂದಿಗೆ ಅಧಿಕ ತೂಕ ಇಲ್ಲವೇ ಬೊಜ್ಜು ಇತ್ತು. ಮುಂದಿನ ಸಮೀಕ್ಷೆ ಹೊತ್ತಿಗೆ, ಅಂದರೆ 2019ಕ್ಕೆ, ಅದು ಶೇ 30.1 ಆಯಿತು. ಗಂಡಸರದ್ದೂ ಹೆಚ್ಚುಕಮ್ಮಿ ಇದೇ ಕಥೆ. ನಾಲ್ಕೇ ವರ್ಷದಲ್ಲಿ ಇಷ್ಟೊಂದು ಜನ ಒಟ್ಟಿಗೆ ಸೋಮಾರಿಗಳಾದ್ರು ಅಂದ್ರೆ ನಂಬೋಕಾಗಲ್ಲ.

ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾಗಿ ನಡೆಯುವಷ್ಟಾದರೂ ಮೈ ದಣಿಸಬೇಕು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ದಿನಕ್ಕೆ ಅರ್ಧ ಗಂಟೆ, ವಾರಕ್ಕೆ 5 ದಿನ ಅಂದುಕೊಳ್ಳಿ. ಅದಕ್ಕೆ ನಮ್ಮಲ್ಲಿ ಕುಕ್ಕರಹಳ್ಳಿ ಕೆರೆ ದಂಡೆ ಇದೆ, ಚಾಮುಂಡಿ ಬೆಟ್ಟದ ಮೆಟ್ಟಿಲಿದೆ. ಆದರೆ ಬೆಳಗ್ಗೆ ಡಬ್ಬಿ ಕಟ್ಟಿಕೊಂಡು ಫ್ಯಾಕ್ಟರಿ ಬಸ್ ಹಿಡಿಯೋ ಹೆಣ್ಮಕ್ಕಳಿಗೆ, ರಾತ್ರಿ ಅಂಗಡಿ ಮುಚ್ಚಿ ಮನೆಗೆ ಹೋಗೋರಿಗೆ ಕೆರೆ ಸುತ್ತೋ ಟೈಮ್ ಎಲ್ಲಿದೆ? ಮನೆಯಿಂದ ಬಸ್ ಸ್ಟಾಪಿಗೆ ನಡೆಯೋದೇ ಅವರ ವಾಕಿಂಗ್.

ಅದಕ್ಕೇ ಫುಟ್‌ಪಾತ್ ಮುಖ್ಯ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿ ಪ್ರಕಾರ ಫುಟ್‌ಪಾತಿನಲ್ಲಿ ಅಡೆತಡೆ ಇಲ್ಲದ ಜಾಗ ಕನಿಷ್ಠ 1.8 ಮೀಟರ್ ಅಗಲ ಇರಬೇಕು. ಇಬ್ಬರು ಎದುರುಬದುರಾಗಿ ಆರಾಮಾಗಿ ದಾಟೋವಷ್ಟು. ಟ್ರಾನ್ಸ್‌ಫಾರ್ಮರ್, ಕಲ್ಲುರಾಶಿ, ನಿಲ್ಲಿಸಿದ ಬೈಕು ಕಳೆದರೆ ನಿಮ್ಮ ರಸ್ತೆಯಲ್ಲಿ ಎಷ್ಟು ಉಳಿಯುತ್ತೆ, ಒಮ್ಮೆ ಟೇಪ್ ಹಿಡಿದು ನೋಡಿ. ಬೀದಿದೀಪ ಇಲ್ಲದಿದ್ರೆ ಅಗಲ ಇದ್ದೂ ಪ್ರಯೋಜನ ಇಲ್ಲ, ಕತ್ತಲಾದ ಮೇಲೆ ಹೆಂಗಸರು ಆಟೋ ಹತ್ತುತ್ತಾರೆ.

2017ರ ಜೂನ್‌ನಲ್ಲಿ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ ಶುರುವಾದಾಗ 450 ಸೈಕಲ್ ಬಿಟ್ಟಿದ್ದರು. ಒಳ್ಳೇ ಯೋಜನೆ. ಆದರೆ ಸೈಕಲ್ ಕೊಟ್ಟರೆ ಮುಗೀಲಿಲ್ಲ, ಬಸ್ಸು ಕಾರುಗಳ ಮಧ್ಯೆ ಓಡಿಸೋಕೆ ಧೈರ್ಯ ಬರುವಂಥ ದಾರಿಯೂ ಬೇಕು. (ಬರೆಯೋ ನಾನೇ ಸುದ್ದಿಗೆ ಸುತ್ತೋದು ಬೈಕಲ್ಲಿ, ಅದನ್ನೂ ಒಪ್ಪಿಕೊಳ್ತೀನಿ.)

ಮಕ್ಕಳ ವಿಷಯದಲ್ಲಿ ನಿಯಮವೇ ಇದೆ. ಕೊಬ್ಬು, ಸಕ್ಕರೆ, ಉಪ್ಪು ಜಾಸ್ತಿ ಇರೋ ತಿಂಡಿಯನ್ನು ಶಾಲೆಯ ಕ್ಯಾಂಟೀನಿನಲ್ಲಾಗಲಿ, ಗೇಟಿನಿಂದ 50 ಮೀಟರ್ ಒಳಗಾಗಲಿ ಮಕ್ಕಳಿಗೆ ಮಾರುವಂತಿಲ್ಲ ಅಂತ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮ ಹೇಳುತ್ತೆ. ಪೋಷಕರು ಇದನ್ನು ಶಾಲೆಯವರಿಗೆ ತೋರಿಸಿ ಕೇಳಬಹುದು, ಆಹಾರ ಸುರಕ್ಷತಾ ಅಧಿಕಾರಿಗೂ ದೂರು ಕೊಡಬಹುದು.

ಫುಟ್‌ಪಾತ್, ದೀಪ, ಪಾರ್ಕ್ ಬೀಗದ ವಿಷಯಕ್ಕೆ ಪಾಲಿಕೆಯ ವಲಯ ಕಚೇರಿಗೆ ಹೋಗಿ. ಸುಮ್ಮನೆ ‘ಸರಿಯಿಲ್ಲ’ ಅಂತ ಬರೀಬೇಡಿ. ರಸ್ತೆ ಹೆಸರು, ಅಳತೆ, ಏನು ಅಡ್ಡ ಇದೆ ಅನ್ನೋದನ್ನ ಫೋಟೊ ಸಮೇತ ಕೊಟ್ಟು, ಸೀಲ್ ಹಾಕಿದ ಸ್ವೀಕೃತಿ ತಗೊಂಡೇ ಬನ್ನಿ.